ಜೋಡೆತ್ತಿನ ಲೆಕ್ಕ

2016ರ ಡಿಸೆಂಬರ್ 5ರ ರಾತ್ರಿ, ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕ್ಲೇ ಥಾಂಪ್ಸನ್ ಇಂಡಿಯಾನಾ ಪೇಸರ್ಸ್ ವಿರುದ್ಧ 60 ಪಾಯಿಂಟ್ ಹೊಡೆದರು. ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ 60 ಪಾಯಿಂಟ್ ಅಪರೂಪ, ಆದರೆ ಕಂಡು ಕೇಳರಿಯದ ಸಂಗತಿಯೇನಲ್ಲ. ಕಂಡು ಕೇಳರಿಯದ್ದು ಅದರ ಬೆನ್ನಿಗಿರುವ ಲೆಕ್ಕ. ಅವರು ಅಂಕಣದಲ್ಲಿದ್ದದ್ದು 29 ನಿಮಿಷ. ಕೊನೆಯ ಕ್ವಾರ್ಟರ್ ಪೂರ್ತಿ ಬೆಂಚಿನ ಮೇಲೆ ಕೂತಿದ್ದರು. ಚೆಂಡನ್ನು ನೆಲಕ್ಕೆ ಪುಟಿಸಿದ್ದು ಇಡೀ ಪಂದ್ಯದಲ್ಲಿ 11 ಸಲ. ಚೆಂಡು ಅವರ ಕೈಯಲ್ಲಿದ್ದ ಒಟ್ಟು ಹೊತ್ತು 90 ಸೆಕೆಂಡು.

ಬೆಂಗಳೂರಿನ ಯಾವುದಾದರೂ ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ದೀಪ ಹಸಿರಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಈ ಮನುಷ್ಯ 33 ಸಲ ರಿಂಗಿನತ್ತ ಚೆಂಡು ಎಸೆದು 21 ಸಲ ಒಳಗೆ ಹಾಕಿದ್ದರು. ಅದರಲ್ಲಿ 8 ಮೂರು ಪಾಯಿಂಟಿನವು. ಮಿಕ್ಕ ಹತ್ತು ಪಾಯಿಂಟ್ ಫ್ರೀ ಥ್ರೋದಿಂದ ಬಂದವು.

ಇದು ಹೇಗೆ ಸಾಧ್ಯ ಎಂದು ಕೇಳಿದರೆ ಉತ್ತರ ಥಾಂಪ್ಸನ್ ಬಳಿ ಇಲ್ಲ, ಅವರ ಪಕ್ಕದಲ್ಲಿದ್ದವರ ಬಳಿ ಇದೆ. ಹಿಂದಿನ ಸೀಸನ್ನಿನಲ್ಲಿ 402 ತ್ರೀ ಪಾಯಿಂಟರ್ ಹಾಕಿ ಜಗತ್ತನ್ನೇ ಬೆರಗಾಗಿಸಿದ್ದ ಸ್ಟೀಫನ್ ಕರಿ ಆ ರಾತ್ರಿ ಅದೇ ಅಂಕಣದಲ್ಲಿದ್ದರು. ಅಷ್ಟು ಹೊತ್ತಿಗಾಗಲೇ ನಾಲ್ಕು ಸೀಸನ್ ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ್ದ ಕೆವಿನ್ ಡ್ಯುರಾಂಟ್ ಇದ್ದರು. ಎದುರಾಳಿಯ ಕಣ್ಣೆಲ್ಲ ಅವರ ಮೇಲಿದ್ದಾಗ ಥಾಂಪ್ಸನ್ ಓಡುತ್ತಿದ್ದರು, ಚೆಂಡು ತಾನಾಗಿ ಬಂದು ಅಂಗೈಗೆ ಬೀಳುತ್ತಿತ್ತು, ಮರುಕ್ಷಣ ಗಾಳಿಯಲ್ಲಿರುತ್ತಿತ್ತು. ಬೇರೆ ತಂಡಗಳಲ್ಲಾಗಿದ್ದರೆ ದೊರೆಗಳಾಗಿ ಮೆರೆಯುತ್ತಿದ್ದವರು ಅಲ್ಲಿ ಬಡಿಸುವವರಾಗಿ ನಿಂತಿದ್ದರು. ತಾರಾ ಆಟಗಾರರ ಜೋಡಿಗಳನ್ನು ಹೋಲಿಸಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ 90 ಸೆಕೆಂಡು.

ಏಕೆಂದರೆ ಈ ಆಟದಲ್ಲಿ ನಿಜವಾದ ಬಡತನ ಇರುವುದು ಚೆಂಡಿನದ್ದು. 94 ಅಡಿ ಉದ್ದ, 50 ಅಡಿ ಅಗಲದ ಅಂಕಣ, 48 ನಿಮಿಷದ ಪಂದ್ಯ, ಹತ್ತು ಜನ ಆಟಗಾರರು, ಚೆಂಡು ಮಾತ್ರ ಒಂದೇ. ಅರ್ಧ ಹೊತ್ತು ಅದು ಎದುರಾಳಿಯ ಪಾಲು ಎಂದಿಟ್ಟುಕೊಂಡರೆ ಒಂದು ತಂಡಕ್ಕೆ ಉಳಿಯುವುದು 24 ನಿಮಿಷ. ಐವರಿಗೂ ಸಮನಾಗಿ ಹಂಚಿದರೆ ತಲೆಗೆ 4 ನಿಮಿಷ 48 ಸೆಕೆಂಡು. ಕೋಟಿ ಕೋಟಿ ಡಾಲರ್ ಸಂಬಳದ ಇಬ್ಬರು ಮೂವರು ತಾರೆಯರನ್ನು ಒಂದೇ ತಂಡಕ್ಕೆ ತಂದಾಗ ಅವರು ಹಂಚಿಕೊಳ್ಳಬೇಕಾದದ್ದು ಈ ಇಷ್ಟೇ ಇಷ್ಟು ಹೊತ್ತನ್ನು. ಅದೂ 24 ಸೆಕೆಂಡಿನ ತುಂಡು ತುಂಡಾಗಿ. 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಮಾಡಿದ ಲೆಕ್ಕ ಅದು. ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ, 48 ನಿಮಿಷವೆಂದರೆ 2,880 ಸೆಕೆಂಡು, ಭಾಗಿಸಿದರೆ 24. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಎಪ್ಪತ್ತು ವರ್ಷ ಕಳೆದರೂ ಆ 24 ಸೆಕೆಂಡಿನ ಮಿತಿ ಬದಲಾಗಿಲ್ಲ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ತಂಡದಲ್ಲಿ 15 ಆಟಗಾರರು ಇದ್ದಾರೆ ಎನ್ನಿ. ಅವರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿದರೆ 105 ಜೋಡಿ ಆಗುತ್ತದೆ. ಮೂವರ ಗುಂಪು 455. ಐವರ ಗುಂಪು 3,003. ಲೀಗಿನ 30 ತಂಡಗಳಿಗೆ ಸೇರಿಸಿದರೆ ತೊಂಬತ್ತು ಸಾವಿರ ಮೀರಿದ ಐವರ ಕೂಟಗಳು. ಇಷ್ಟರಲ್ಲಿ ಜನ ನೆನಪಿಟ್ಟುಕೊಳ್ಳುವ ಜೋಡಿಗಳನ್ನು ಎಣಿಸಲು ಒಂದು ತಲೆಮಾರಿಗೆ ಒಂದು ಕೈಯ ಬೆರಳು ಸಾಕು.

ಇಬ್ಬರ ಅಂಕ ಕೂಡಿಸಿ ಜೋಡಿಯ ತೂಕ ನೋಡುವುದು ಎಲ್ಲರೂ ಮಾಡುವ ಕೆಲಸ. ಹಾಗೆ ನೋಡಿದರೆ 1961–62ರ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಯಾರೂ ಮುಟ್ಟುವಂತಿರಲಿಲ್ಲ. ಎಲ್ಜಿನ್ ಬೇಲರ್ ಪಂದ್ಯಕ್ಕೆ ಸರಾಸರಿ 38.3 ಪಾಯಿಂಟ್. ಅದೂ ಸೇನೆಯ ಕರ್ತವ್ಯದ ನಡುವೆ ರಜೆ ಸಿಕ್ಕಾಗ ಬಂದು 48 ಪಂದ್ಯ ಆಡಿ! ಜೆರ್ರಿ ವೆಸ್ಟ್ 30.8. ಇಬ್ಬರೇ ಸೇರಿ ಪಂದ್ಯಕ್ಕೆ 69. ಆ ವರ್ಷದ ಫೈನಲ್ಸ್ ಐದನೇ ಪಂದ್ಯದಲ್ಲಿ ಬೇಲರ್ ಹೊಡೆದ 61 ಪಾಯಿಂಟ್ ಫೈನಲ್ಸ್ ಮಟ್ಟಿಗೆ ಇಂದಿಗೂ ದಾಖಲೆ. ಆದರೂ ಏಳನೇ ಪಂದ್ಯದಲ್ಲಿ, ಹೆಚ್ಚುವರಿ ಸಮಯದಲ್ಲಿ, ಬಾಸ್ಟನ್ ಸೆಲ್ಟಿಕ್ಸ್ ಎದುರು 3 ಪಾಯಿಂಟಿನಿಂದ ಸೋತರು.

ಅಲ್ಲಿಂದ ಶುರುವಾದ ಸೋಲಿನ ಸರಣಿಯನ್ನು ಓದುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1963, 1965, 1966, 1968, ಪ್ರತಿ ಸಲವೂ ಫೈನಲ್ಸ್, ಪ್ರತಿ ಸಲವೂ ಬಾಸ್ಟನ್, ಪ್ರತಿ ಸಲವೂ ಸೋಲು. ಕೊನೆಗೆ ಲೇಕರ್ಸ್ ಮೂರನೆಯವರನ್ನು ತಂದರು. ಸಾಮಾನ್ಯರನ್ನಲ್ಲ, 1962ರಲ್ಲಿ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದು, ಆ ಇಡೀ ಸೀಸನ್ ಸರಾಸರಿ 50.4 ಗಳಿಸಿದ ವಿಲ್ಟ್ ಚೇಂಬರ್ಲೇನ್‌ರನ್ನು. ಬೇಲರ್, ವೆಸ್ಟ್, ಚೇಂಬರ್ಲೇನ್ ಒಂದೇ ಅಂಗಿಯಲ್ಲಿ. 1969ರ ಫೈನಲ್ಸ್ ಏಳನೇ ಪಂದ್ಯದ ದಿನ ತಂಡದ ಮಾಲೀಕ ಜ್ಯಾಕ್ ಕೆಂಟ್ ಕುಕ್ ಸ್ಟೇಡಿಯಮ್ಮಿನ ಮಾಡಿಗೆ ಸಾವಿರಾರು ಬಲೂನು ಕಟ್ಟಿಸಿದ್ದರು, ಗೆದ್ದ ತಕ್ಷಣ ಕೆಳಗೆ ಬಿಡಲು. ವೆಸ್ಟ್ ಒಬ್ಬರೇ 42 ಪಾಯಿಂಟ್, 13 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿದದ್ದು), 12 ಅಸಿಸ್ಟ್ (ಜೊತೆಗಾರರು ಬುಟ್ಟಿಗೆ ಹಾಕಲು ಕೊಟ್ಟ ಪಾಸ್). ಫಲಿತಾಂಶ: ಬಾಸ್ಟನ್ 108, ಲಾಸ್ ಏಂಜಲೀಸ್ 106. ಬಲೂನುಗಳು ಮಾಡಿನಲ್ಲೇ ಉಳಿದವು. ಫೈನಲ್ಸ್‌ನ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಸೋತ ತಂಡದ ವೆಸ್ಟ್‌ಗೆ ಹೋಯಿತು. ಸೋತವರಿಗೆ ಅದು ಸಿಕ್ಕಿದ್ದು ಅದೊಂದೇ ಸಲ. ಎದುರಿಗಿದ್ದ ಬಿಲ್ ರಸೆಲ್‌ಗೆ ಅದು 13 ಸೀಸನ್ನಿನಲ್ಲಿ 11ನೇ ಪ್ರಶಸ್ತಿ.

ಮುಂದಿನದ್ದು ನನಗೆ ಎಷ್ಟು ಸಲ ಓದಿದರೂ ನಂಬಲಾಗದ ಅಧ್ಯಾಯ. 1971ರ ನವೆಂಬರ್ ಮೊದಲ ವಾರ, ಮೊಣಕಾಲು ಕೈಕೊಟ್ಟ ಬೇಲರ್ ನಿವೃತ್ತಿ ಘೋಷಿಸಿದರು. ಅವರಿಲ್ಲದ ಮೊದಲ ಪಂದ್ಯವನ್ನು ಲೇಕರ್ಸ್ ಗೆದ್ದರು. ಅದರ ಮುಂದಿನದ್ದನ್ನೂ ಗೆದ್ದರು. ಜನವರಿ 7ರವರೆಗೆ ಸೋಲೇ ಕಾಣಲಿಲ್ಲ. ಸತತ 33 ಗೆಲುವು! ಅರ್ಧ ಶತಮಾನ ಕಳೆದರೂ ಎನ್‌ಬಿಎಯಲ್ಲಿ ಆ ದಾಖಲೆ ಅಲುಗಿಲ್ಲ. 1972ರಲ್ಲಿ ಪ್ರಶಸ್ತಿಯೂ ಬಂತು. ಆ ಸೀಸನ್ನಿನಲ್ಲಿ ಚೇಂಬರ್ಲೇನ್ ಸರಾಸರಿ ಎಷ್ಟು ಗೊತ್ತೇ? 14.8. ಹತ್ತು ವರ್ಷದ ಹಿಂದೆ 50.4 ಇದ್ದವರು ಈಗ ರಿಬೌಂಡ್ ಹಿಡಿದು ಮುಂದಿನವರಿಗೆ ಎಸೆಯುವ ಕೆಲಸಕ್ಕೆ ನಿಂತಿದ್ದರು. ಬೇಲರ್ ಕೆಟ್ಟ ಆಟಗಾರ ಎಂದು ಇದರಿಂದ ಯಾರೂ ತಿಳಿಯಬಾರದು. ಅವರಷ್ಟು ದೊಡ್ಡವರು ಆ ಕಾಲದಲ್ಲಿ ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಎಂಟು ಫೈನಲ್ಸ್ ಆಡಿ ಎಂಟನ್ನೂ ಸೋತವರು ಅವರು. ಕೂಡಿಸಿದಾಗ ಒಲಿಯದ ಪ್ರಶಸ್ತಿ ಕಳೆದಾಗ ಬಂತು ಎನ್ನುವುದು ಅಂಕಿಯ ಮಾತಾದರೂ ಬೇಲರ್‌ರನ್ನು ನೆನೆದರೆ ಕರುಳು ಕಿವುಚುತ್ತದೆ.

ಮೈಕೆಲ್ ಜೋರ್ಡಾನ್ ಮತ್ತು ಸ್ಕಾಟಿ ಪಿಪ್ಪೆನ್ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಎರಡೇ ಅಂಕಿ ಕೊಡುತ್ತೇನೆ. ಪಿಪ್ಪೆನ್ ಬರುವ ಮೊದಲು, ಮೂರು ಸೀಸನ್ನಿನ ಪ್ಲೇಆಫ್‌ಗಳಲ್ಲಿ, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ, ಜೋರ್ಡಾನ್ ಗೆದ್ದ ಪಂದ್ಯ 1, ಸೋತದ್ದು 9. ಆ ಒಂಬತ್ತರಲ್ಲಿ ಒಂದು, ಅವರು ಬಾಸ್ಟನ್‌ನಲ್ಲಿ 63 ಪಾಯಿಂಟ್ ಹೊಡೆದ ಪಂದ್ಯ. ಪಿಪ್ಪೆನ್ ಜೊತೆಯಾದ ಮೇಲೆ ಆರು ಫೈನಲ್ಸ್, ಆರೂ ಗೆಲುವು. ಪಿಪ್ಪೆನ್ ಪಕ್ಕದಲ್ಲಿಲ್ಲದೆ ಜೋರ್ಡಾನ್ ಒಂದೇ ಒಂದು ಪ್ಲೇಆಫ್ ಸರಣಿಯನ್ನೂ ಗೆದ್ದಿಲ್ಲ. ಆಟದ ಇತಿಹಾಸದ ಅತಿ ದೊಡ್ಡ ಹೆಸರಿನ ಬಗ್ಗೆ ಹೇಳುತ್ತಿರುವ ಮಾತು ಇದು.

ಈಗ ನಾನು ಈ ಬರಹ ಶುರು ಮಾಡಿದ್ದೇ ಯಾರಿಗಾಗಿಯೋ ಅವರಿಗೆ ಬರುತ್ತೇನೆ. ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್, ಯೂಟಾ ಜಾಜ್.

1984ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, 16ನೆಯವರಾಗಿ ಸ್ಟಾಕ್ಟನ್ ಬಂದರು, 6 ಅಡಿ 1 ಅಂಗುಲ. ಮರುವರ್ಷ 13ನೆಯವರಾಗಿ ಮಲೋನ್ ಬಂದರು, 6 ಅಡಿ 9 ಅಂಗುಲ, 110 ಕಿಲೋ ಮೀರಿದ ಮೈಕಟ್ಟು. ಅವರಿಬ್ಬರ ಆಟವನ್ನು ಹಳೆಯ ವಿಡಿಯೊಗಳಲ್ಲಿ ನಿಧಾನಗತಿಯಲ್ಲಿಟ್ಟು ನೋಡಬೇಕು. ಸ್ಟಾಕ್ಟನ್ ಚೆಂಡು ಪುಟಿಸುತ್ತ ಒಂದು ಪಕ್ಕಕ್ಕೆ ಸರಿಯುತ್ತಾರೆ. ಮಲೋನ್ ಬಂದು ಸ್ಟಾಕ್ಟನ್‌ರನ್ನು ಕಾಯುತ್ತಿರುವವನ ದಾರಿಗೆ ಅಡ್ಡಲಾಗಿ ಗೋಡೆಯ ಹಾಗೆ ನಿಲ್ಲುತ್ತಾರೆ. ಕಾಯುವವನು ಆ ಗೋಡೆಗೆ ತಾಗಿ ಅರೆಕ್ಷಣ ತಡವರಿಸುತ್ತಾನೆ. ಆ ಅರೆಕ್ಷಣದಲ್ಲಿ ಮಲೋನ್ ಹಿಮ್ಮಡಿಯ ಮೇಲೆ ತಿರುಗಿ ರಿಂಗಿನತ್ತ ಓಡುತ್ತಾರೆ. ಸ್ಟಾಕ್ಟನ್‌ರ ಕಣ್ಣು ಬೇರೆಲ್ಲೋ ಇರುತ್ತದೆ, ಚೆಂಡು ಮಾತ್ರ ನೆಲಕ್ಕೆ ಒಂದು ಪುಟ ಹೊಡೆದು ಮಲೋನ್‌ರ ಎರಡು ಕೈ ನಡುವೆ ಬಂದು ಕೂರುತ್ತದೆ. ಇದರ ಹೆಸರು ಪಿಕ್ ಅಂಡ್ ರೋಲ್. ಶಾಲೆಯ ತಂಡಗಳೂ ಆಡುವ ಸಾಧಾರಣ ಪಟ್ಟು. ಬರುತ್ತದೆಂದು ಎದುರಾಳಿಗಳಿಗೆ ಗೊತ್ತಿತ್ತು, ಪ್ರೇಕ್ಷಕರಿಗೂ ಗೊತ್ತಿತ್ತು. ಹದಿನೆಂಟು ವರ್ಷ ತಡೆಯಲಾಗಲಿಲ್ಲ.

ಹದಿನೆಂಟು ವರ್ಷ ಎಂದೆ. ಆ ಅವಧಿಯಲ್ಲಿ ಯೂಟಾ ಆಡಿದ ಲೀಗ್ ಪಂದ್ಯಗಳು 1,444. ಮಲೋನ್ ತಪ್ಪಿಸಿಕೊಂಡದ್ದು 10. ಸ್ಟಾಕ್ಟನ್ ತಪ್ಪಿಸಿಕೊಂಡದ್ದು 22. ಇಬ್ಬರೂ ಒಟ್ಟಿಗೆ ಆಡಿದ್ದು 1,412. ಕಾಲುನೋವು, ಬೆನ್ನುನೋವು, ಜ್ವರ, ನೂರಾರು ವಿಮಾನ ಪ್ರಯಾಣ, ಎಲ್ಲದರ ನಡುವೆ ಹದಿನೆಂಟು ವರ್ಷದಲ್ಲಿ ಇಬ್ಬರಲ್ಲೊಬ್ಬರು ಇಲ್ಲದ ದಿನ 32. ಸರ್ಕಾರಿ ಕಚೇರಿಯ ಹಾಜರಿ ಪುಸ್ತಕವೂ ಇಷ್ಟು ಚೊಕ್ಕವಾಗಿ ಇರಲಾರದು.

ಸ್ಟಾಕ್ಟನ್‌ರ ಒಟ್ಟು ಅಸಿಸ್ಟ್ 15,806. ಒಂದು ಅಸಿಸ್ಟ್ ಎಂದರೆ ಕನಿಷ್ಠ 2 ಪಾಯಿಂಟ್. ಮೂರರದ್ದನ್ನೂ ಎರಡಕ್ಕೇ ಲೆಕ್ಕ ಹಾಕಿದರೂ ಅವರು ಬೇರೆಯವರ ಬಾಯಿಗಿಟ್ಟ ತುತ್ತು 31,612 ಪಾಯಿಂಟ್. ತಾವೇ ಹೊಡೆದದ್ದು 19,711. ಅಂದರೆ ಐವತ್ತೊಂದು ಸಾವಿರ ಪಾಯಿಂಟಿನಲ್ಲಿ ಅವರ ಕೈಯಿದೆ. ಲೆಬ್ರಾನ್ ಜೇಮ್ಸ್ 2024ರಲ್ಲಿ 40,000 ಪಾಯಿಂಟ್ ದಾಟಿದಾಗ ಅಂಥ ಎತ್ತರ ತಲುಪಿದ ಮೊದಲಿಗರು ಎಂದು ಲೋಕವೇ ಎದ್ದು ನಿಂತಿತು, ನಿಲ್ಲಬೇಕಾದದ್ದೇ. ಆದರೆ ಕೊಟ್ಟದ್ದನ್ನು ಎಣಿಸುವ ಪಟ್ಟಿಯಲ್ಲಿ ಸ್ಟಾಕ್ಟನ್‌ರ ನಂತರದ ಸ್ಥಾನದಲ್ಲಿರುವ ಕ್ರಿಸ್ ಪಾಲ್ ಇಪ್ಪತ್ತು ವರ್ಷ ಆಡಿಯೂ ಮೂರು ಸಾವಿರಕ್ಕೂ ಹೆಚ್ಚು ಹಿಂದಿದ್ದಾರೆ. ಆ ತುತ್ತುಗಳನ್ನು ಎಲ್ಲರಿಗಿಂತ ಹೆಚ್ಚು ಉಂಡ ಮಲೋನ್‌ರ ಒಟ್ಟು 36,928 ಪಾಯಿಂಟ್. ಅವರನ್ನು ಮೇಲ್‌ಮ್ಯಾನ್ ಎಂದು ಕರೆಯುತ್ತಿದ್ದರು, ಟಪಾಲು ತಪ್ಪದೆ ಮುಟ್ಟಿಸುವವರು.

ಪ್ರಶಸ್ತಿ? ಸೊನ್ನೆ. 1997ರಲ್ಲೂ 1998ರಲ್ಲೂ ಫೈನಲ್ಸ್ ಮುಟ್ಟಿದರು, ಎರಡೂ ಸಲ ಜೋರ್ಡಾನ್–ಪಿಪ್ಪೆನ್ ಎದುರು 4–2ರಿಂದ ಸೋತರು. 1998ರ ಜೂನ್ 14ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಕೊನೆಯ ನಿಮಿಷದಲ್ಲಿ ಯೂಟಾ ಮುಂದಿತ್ತು, ಚೆಂಡು ಮಲೋನ್‌ರ ಕೈಯಲ್ಲಿತ್ತು. ಜೋರ್ಡಾನ್ ಹಿಂದಿನಿಂದ ಬಂದು ಚೆಂಡು ಕಿತ್ತುಕೊಂಡರು, ಆ ಕಡೆ ಓಡಿದರು, 5.2 ಸೆಕೆಂಡು ಉಳಿದಿರುವಾಗ ಬುಟ್ಟಿಗೆ ಹಾಕಿದರು. 87–86. ಒಂದು ಪಾಯಿಂಟ್.

ಜೋಡಿ ಮುರಿಯುವ ಬಗೆಯೂ ಅಂಕಿಯಲ್ಲಿ ಕಾಣುತ್ತದೆ. ಶಕೀಲ್ ಓ'ನೀಲ್ ಮತ್ತು ಕೋಬಿ ಬ್ರಯಾಂಟ್ 2000–01ರಲ್ಲಿ ಲೇಕರ್ಸ್ ಪರ ಕ್ರಮವಾಗಿ 28.7 ಮತ್ತು 28.5 ಸರಾಸರಿ ಹೊಂದಿದ್ದರು, ಹೆಚ್ಚುಕಡಿಮೆ ಸಮ. ಆ ವರ್ಷದ ಪ್ಲೇಆಫ್‌ನಲ್ಲಿ 15 ಗೆಲುವು, 1 ಸೋಲು. 2000ರಿಂದ ಸತತ ಮೂರು ಪ್ರಶಸ್ತಿ. ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಇಬ್ಬರ ಜಗಳ ಮುಗಿಯಲೇ ಇಲ್ಲ. 2003–04ರ ಸೀಸನ್ನಿಗೆ ಇವರಿಬ್ಬರ ಜೊತೆಗೆ ಮಲೋನ್ ಮತ್ತು ಗ್ಯಾರಿ ಪೇಟನ್ ಕೂಡ ಸೇರಿಕೊಂಡರು. ನಾಲ್ಕು ಮಹಾರಥಿಗಳ ಆ ತಂಡವನ್ನು ಡೆಟ್ರಾಯಿಟ್ ಪಿಸ್ಟನ್ಸ್ ಫೈನಲ್ಸ್‌ನಲ್ಲಿ 4–1ರಿಂದ ಮಣಿಸಿತು. ಡೆಟ್ರಾಯಿಟ್‌ನ ಆಧಾರಸ್ತಂಭವಾಗಿದ್ದ ಬೆನ್ ವಾಲೇಸ್ ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿದ್ದವರು. ಆ ಬೇಸಿಗೆಯಲ್ಲೇ ಓ'ನೀಲ್ ಮಯಾಮಿಗೆ ಹೊರಟರು.

ಇದಕ್ಕಿಂತ ನನ್ನನ್ನು ಕಾಡುವುದು ಒಕ್ಲಹೋಮಾ ಸಿಟಿ ಥಂಡರ್. ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರುಕ್, ಜೇಮ್ಸ್ ಹಾರ್ಡನ್: 2007, 2008, 2009ರಲ್ಲಿ ವರ್ಷಕ್ಕೊಬ್ಬರಂತೆ ಡ್ರಾಫ್ಟಿನಲ್ಲಿ ಸಿಕ್ಕ ಮೂವರು. 2012ರಲ್ಲಿ ಫೈನಲ್ಸ್ ಮುಟ್ಟಿದಾಗ ಅವರ ವಯಸ್ಸು 23, 23, 22. ಮೂವರೂ ಮುಂದೆ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು, 2014, 2017, 2018ರಲ್ಲಿ. ಅಂಥ ಮೂವರನ್ನು ಒಂದೇ ಸೂರಿನಡಿ ಬೆಳೆಸಿದ ತಂಡ ಆ ಒಂದು ಫೈನಲ್ಸ್ ಸೋತು, ನಾಲ್ಕು ತಿಂಗಳಲ್ಲಿ ಹಾರ್ಡನ್‌ರನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತು. ಮತ್ತೆ ಡ್ಯುರಾಂಟ್ ಮತ್ತು ಹಾರ್ಡನ್ ಒಂದಾದದ್ದು 2021ರ ಜನವರಿಯಲ್ಲಿ, ಬ್ರೂಕ್ಲಿನ್ ನೆಟ್ಸ್‌ನಲ್ಲಿ, ಕೈರಿ ಇರ್ವಿಂಗ್ ಜೊತೆ. ಎಲ್ಲರೂ ಮುಂದಿನ ಪ್ರಶಸ್ತಿಗಳನ್ನು ಅವರ ಹೆಸರಿಗೆ ಬರೆದಿಟ್ಟಿದ್ದರು. ಒಬ್ಬರಿಗೆ ಗಾಯ, ಇನ್ನೊಬ್ಬರಿಗೆ ಲಸಿಕೆಯ ತಕರಾರು, ಮತ್ತೊಬ್ಬರಿಗೆ ಬೇಸರ. 2022ರ ಫೆಬ್ರವರಿಯಲ್ಲಿ ಹಾರ್ಡನ್ ಹೊರನಡೆದಾಗ ಮೂವರೂ ಒಟ್ಟಿಗೆ ಆಡಿದ ಲೀಗ್ ಪಂದ್ಯಗಳ ಸಂಖ್ಯೆ 16. ಅದರಲ್ಲಿ 13 ಗೆದ್ದಿದ್ದರು. ಸಾಮರ್ಥ್ಯಕ್ಕೇನೂ ಕೊರತೆ ಇರಲಿಲ್ಲ, ನೋಡಿ.

ಹದಿನಾರು ಎಲ್ಲಿ, ಸಾವಿರದ ನಾನೂರ ಹನ್ನೆರಡು ಎಲ್ಲಿ? ಎಂಬತ್ತೆಂಟು ಪಟ್ಟು ಅಂತರ!

ನೊಗ ಹೆಗಲಿಗೆ ಕೂರಲು ಕಾಲ ಬೇಕು ಎಂಬುದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿ 2023ರದ್ದು. ಜೂನ್ 8ರ ಬೆಳಗ್ಗೆ ಆರು ಗಂಟೆ. ಮಯಾಮಿಯಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಹೊರಗೆ ಹಾಲಿನವರ ಸದ್ದು, ಮನೆಯವರೆಲ್ಲ ಮಲಗಿದ್ದಾರೆ, ನಾನು ದನಿ ತಗ್ಗಿಸಿ ಫೈನಲ್ಸ್ ಮೂರನೇ ಪಂದ್ಯ ಹಾಕಿಕೊಂಡು ಕೂತಿದ್ದೆ. ಡೆನ್ವರ್ ನಗೆಟ್ಸ್‌ನ ನಿಕೋಲಾ ಯೋಕಿಚ್, 2014ರ ಡ್ರಾಫ್ಟಿನಲ್ಲಿ 41ನೆಯವರಾಗಿ ಆಯ್ಕೆಯಾದ ಸರ್ಬಿಯಾದ ಆಜಾನುಬಾಹು. ಪಕ್ಕದಲ್ಲಿ ಕೆನಡಾದ ಜಮಾಲ್ ಮರ್ರೆ. ಮೊಣಕಾಲಿನ ಗಾಯದಿಂದ ಒಂದು ಇಡೀ ಸೀಸನ್ ಕಳೆದುಕೊಂಡು ಮರಳಿದ್ದವರು. ಮರ್ರೆ ಓಡಿಬಂದಾಗ ಯೋಕಿಚ್ ಚೆಂಡನ್ನು ಎಸೆಯುವುದೂ ಇಲ್ಲ, ತಾಂಬೂಲ ಕೊಟ್ಟ ಹಾಗೆ ಕೈಯಿಂದ ಕೈಗೆ ಇಡುತ್ತಾರೆ. ಇಟ್ಟವರೇ ಮರ್ರೆಯ ಬೆನ್ನು ಹತ್ತಿದವನಿಗೆ ಅಡ್ಡ ನಿಲ್ಲುತ್ತಾರೆ. ಎಂಟು ಹತ್ತು ಸಲ ಅದನ್ನೇ ನೋಡಿದೆ, ಪ್ರತಿ ಸಲ ಮುಗಿಯುವ ಬಗೆ ಬೇರೆ. ಪಂದ್ಯ ಮುಗಿದಾಗ ಯೋಕಿಚ್ 32 ಪಾಯಿಂಟ್, 21 ರಿಬೌಂಡ್, 10 ಅಸಿಸ್ಟ್. ಮರ್ರೆ 34, 10, 10. ಮೂವತ್ತಕ್ಕೂ ಹೆಚ್ಚು ಪಾಯಿಂಟಿನ ಟ್ರಿಪಲ್ ಡಬಲ್ (ಮೂರು ಲೆಕ್ಕದಲ್ಲೂ ಎರಡಂಕಿ) ಅನ್ನು ಒಂದೇ ತಂಡದ ಇಬ್ಬರು ಒಂದೇ ಪಂದ್ಯದಲ್ಲಿ ಮಾಡಿದ್ದು, 1946ರಲ್ಲಿ ಶುರುವಾದ ಲೀಗಿನಲ್ಲಿ ಅದೇ ಮೊದಲು. ಸಾವಿರ ಸಾವಿರ ಪಂದ್ಯಗಳಲ್ಲಿ ಆಗದಿದ್ದದ್ದು ಆ ಬೆಳಗ್ಗೆ ನನ್ನ ಕಣ್ಣೆದುರು ಆಯಿತು. ಐದು ದಿನಗಳ ನಂತರ ಡೆನ್ವರ್ ತನ್ನ ಮೊದಲ ಪ್ರಶಸ್ತಿ ಗೆದ್ದಿತು.

ಹಾಗಾದರೆ ಎಲ್ಲರಿಗಿಂತ ಮೇಲು ಯಾರು? ನನ್ನ ಮತ ಸ್ಯಾನ್ ಆಂಟೋನಿಯೊದ ಮೂವರಿಗೆ. ವರ್ಜಿನ್ ದ್ವೀಪಗಳ ಟಿಮ್ ಡಂಕನ್, ಫ್ರಾನ್ಸಿನ ಟೋನಿ ಪಾರ್ಕರ್, ಅರ್ಜೆಂಟೀನಾದ ಮಾನು ಜಿನೋಬಿಲಿ. ಡ್ರಾಫ್ಟಿನಲ್ಲಿ ಅವರ ಸಂಖ್ಯೆ 1, 28, 57. ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ: 58 ಜನರ ಪಟ್ಟಿಯಲ್ಲಿ 57. ಗ್ರೆಗ್ ಪೊಪೊವಿಚ್ ಎಂಬ ಒಬ್ಬರೇ ಕೋಚ್ ಕೈಕೆಳಗೆ 2002ರಿಂದ 2016ರವರೆಗೆ ಹದಿನಾಲ್ಕು ಸೀಸನ್. ಒಟ್ಟಿಗೆ ಗೆದ್ದ ಲೀಗ್ ಪಂದ್ಯ 575, ಪ್ಲೇಆಫ್ ಪಂದ್ಯ 126. ಬೇರೆ ಯಾವ ಮೂವರಿಗೂ ಇಷ್ಟಿಲ್ಲ. ನಾಲ್ಕು ಪ್ರಶಸ್ತಿ. ಬೇರೆಲ್ಲೇ ಇದ್ದರೂ ಮುಖ್ಯ ಆಟಗಾರನಾಗಬಹುದಾಗಿದ್ದ ಜಿನೋಬಿಲಿ, ತಾವು ಆಡಿದ 1,057 ಪಂದ್ಯಗಳಲ್ಲಿ ಮೊದಲ ಐವರಲ್ಲಿ ಇಳಿದದ್ದು 349ರಲ್ಲಿ ಮಾತ್ರ. ಮಿಕ್ಕ ಏಳುನೂರಕ್ಕೂ ಹೆಚ್ಚು ರಾತ್ರಿ ಬೆಂಚಿನ ಮೇಲೆ ಕೂತು ಕರೆ ಬಂದಾಗ ಎದ್ದು ಹೋದರು. 2014ರ ಫೈನಲ್ಸ್‌ನಲ್ಲಿ ಇವರೆದುರು ನಿಂತದ್ದು ಲೆಬ್ರಾನ್, ಡ್ವೇನ್ ವೇಡ್, ಕ್ರಿಸ್ ಬಾಶ್ ಇದ್ದ ಮಯಾಮಿ. ಐದು ಪಂದ್ಯ ಸೇರಿ 70 ಪಾಯಿಂಟ್ ಅಂತರದಲ್ಲಿ ಸ್ಯಾನ್ ಆಂಟೋನಿಯೊ ಗೆದ್ದಿತು.

ಎರಡನೆಯ ಮತವನ್ನು ಸ್ಟಾಕ್ಟನ್–ಮಲೋನ್ ಜೋಡಿಗೆ ಕೊಡುತ್ತೇನೆ, ಪ್ರಶಸ್ತಿ ಇಲ್ಲ ಎಂದು ಯಾರು ಎಷ್ಟೇ ವಾದಿಸಲಿ. ಸಾಲ್ಟ್ ಲೇಕ್ ಸಿಟಿಯಲ್ಲಿ ಅವರು ಆಡುತ್ತಿದ್ದ ಸ್ಟೇಡಿಯಮ್ಮಿನ ಹೊರಗೆ ಇಬ್ಬರ ಕಂಚಿನ ಪ್ರತಿಮೆಗಳಿವೆ. ಒಳಗೆ ಯೂಟಾ ಜಾಜ್ ಹೆಸರಿನ ಚಾಂಪಿಯನ್ ಬಾವುಟ ಇಂದಿಗೂ ಒಂದೂ ಇಲ್ಲ.